ಸಂದೇಶ ಕೊನೆಗೆ ಬರಲಿ: ಕೊಡಗಿನ ತರಗತಿಗಳಲ್ಲಿ ಪದ್ಯದ ಓದು

‘ಈ ಪದ್ಯದಲ್ಲಿ ಕವಿ ಸಮಾನತೆಯ ಸಂದೇಶ ಸಾರಿದ್ದಾರೆ. ನಾವೆಲ್ಲರೂ ಭೇದಭಾವ ಮರೆತು ಒಂದಾಗಿ ಬಾಳಬೇಕು.’ ಕೊಡಗಿನ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸುವ ನಮಗೆ ಈ ಎರಡು ವಾಕ್ಯ ಬಾಯಿಪಾಠ. ಬಸವಣ್ಣನವರ ವಚನ ಕೊಟ್ಟರೂ ಇದೇ ಉತ್ತರ, ಸರ್ವಜ್ಞನ ತ್ರಿಪದಿ ಕೊಟ್ಟರೂ ಇದೇ, ಕನಕದಾಸರ ‘ರಾಮಧಾನ್ಯ ಚರಿತೆ’ಯ ಭಾಗ ಕೊಟ್ಟರೂ ಇದೇ. ತಪ್ಪು ಎನ್ನುವಂತಿಲ್ಲ. ಆದರೆ ಇದನ್ನು ಬರೆಯಲು ಪದ್ಯ ಓದಬೇಕಾಗಿಯೇ ಇಲ್ಲ. ಹತ್ತನೇ ತರಗತಿಯ ಪ್ರಶ್ನೆಪತ್ರಿಕೆ ‘ಅಡಕವಾಗಿರುವ ಮೌಲ್ಯವನ್ನು ಆಧರಿಸಿ ಸಾರಾಂಶ ಬರೆಯಿರಿ’ ಎಂದು ಕೇಳುತ್ತದೆ. ಮಕ್ಕಳು ಮೌಲ್ಯದ ಹೆಸರೊಂದನ್ನು ಮೊದಲೇ ಹಿಡಿದು ಪದ್ಯವನ್ನು ಅದರೊಳಗೆ ತುರುಕುತ್ತಾರೆ. ನಾವು ಕೆಲವರು ಈ ಕ್ರಮವನ್ನು ತಲೆಕೆಳಗು ಮಾಡಿದೆವು. ಒಂದು ಪದ್ಯಕ್ಕೆ ಐದು ಪೀರಿಯಡ್. ನಾಲ್ಕನೆಯದು ಮುಗಿಯುವವರೆಗೆ ‘ಸಂದೇಶ’ ಎಂಬ ಪದ ಬೋರ್ಡಿನ ಮೇಲೆ ಬರುವುದಿಲ್ಲ. ಆ ಐದು ಪೀರಿಯಡ್‌ಗಳಲ್ಲಿ ಏನೇನು ನಡೆಯುತ್ತದೆ, ಎಲ್ಲೆಲ್ಲಿ ಎಡವುತ್ತೇವೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಮೊದಲ ಪೀರಿಯಡ್ ಪೂರ್ತಿ ಕಿವಿಗೆ. ಪುಸ್ತಕ ಮುಚ್ಚಿಸಿ ಶಿಕ್ಷಕರು ಪದ್ಯವನ್ನು ಎರಡು ಸಲ ಓದಬೇಕು, ರಾಗ ಹಾಕದೆ, ಎದುರಿನವರ ಹತ್ತಿರ ಮಾತಾಡುವ ದನಿಯಲ್ಲಿ. ಹಾಡಿಬಿಟ್ಟರೆ ಮಕ್ಕಳಿಗೆ ರಾಗ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಹಾಡು ಕೊನೆಯ ದಿನಕ್ಕಿರಲಿ. ನಮ್ಮಲ್ಲಿ ಜೂನ್, ಜುಲೈಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮೂರನೇ ಬೆಂಚಿಗೆ ದನಿ ಮುಟ್ಟುವುದಿಲ್ಲ. ನಡುವೆ ಮಳೆ ರಜೆ ನಾಲ್ಕು ದಿನ ಬಿದ್ದರೆ ಹಿಡಿದ ಎಳೆ ಹರಿದುಹೋಗುತ್ತದೆ. ಆ ಎರಡು ತಿಂಗಳು ಗದ್ಯ, ವ್ಯಾಕರಣ, ಪತ್ರಲೇಖನ ಮುಗಿಸಿಕೊಂಡು ಪದ್ಯವನ್ನು ಸೆಪ್ಟೆಂಬರಿಗೆ ಇಟ್ಟುಕೊಳ್ಳುವುದು ಮೇಲು.

ಎರಡು ಸಲ ಕೇಳಿದ ಮೇಲೆ ಕೊನೆಯ ಸಾಲನ್ನು ಕಿವಿಗೆ ಬಿದ್ದ ಹಾಗೆ ಬರೆಯಲು ಹೇಳುತ್ತೇವೆ. ಬಸವಣ್ಣನವರ ಈ ವಚನವನ್ನೇ ತೆಗೆದುಕೊಳ್ಳಿ:

ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡಲಿ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ

ಪ್ರತಿ ವರ್ಷ ಕೆಲವರ ಪುಸ್ತಕದಲ್ಲಿ ‘ಜಂಗ ಮಕ್ಕಳಿವಿಲ್ಲ’ ಎಂದೇ ಇರುತ್ತದೆ. ಅವರಿಗೆ ಅಲ್ಲಿ ‘ಮಕ್ಕಳು’ ಕೇಳಿಸಿದ್ದಾರೆ. ‘ಸ್ಥಾವರ ಕಳಿವುಂಟು’ ಎಂದು ಒಡೆದವರೂ ಇರುತ್ತಾರೆ; ಅವರಿಗೆ ಹಣ್ಣು ಕಳಿಯುವ ‘ಕಳಿ’ ನೆನಪಾಗಿರುತ್ತದೆ. ಇದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಬಾರದು. ಸಂಧಿ ಬಿಡಿಸುವ ಪಾಠ ಶುರುವಾಗುವುದೇ ಇಲ್ಲಿಂದ. ಸ್ಥಾವರಕ್ಕೆ, ಅಳಿವು, ಉಂಟು. ಜಂಗಮಕ್ಕೆ, ಅಳಿವು, ಇಲ್ಲ. ಮೂರು ಮೂರು ಪದಗಳು, ಸೇರುವಲ್ಲೆಲ್ಲ ಲೋಪಸಂಧಿ. ಹೀಗೆ ಬಿಡಿಸಿ ಒಂದರ ಕೆಳಗೊಂದು ಬರೆದರೆ ಸಾಲಿನ ಎರಡು ಅರ್ಧಗಳು ತಕ್ಕಡಿಯ ಎರಡು ತಟ್ಟೆಯ ಹಾಗೆ ತೂಗುವುದು ಕಣ್ಣಿಗೇ ಕಾಣುತ್ತದೆ. ವ್ಯಾಕರಣದ ಪೀರಿಯಡ್‌ನಲ್ಲಿ ಹತ್ತು ಉದಾಹರಣೆ ಕೊಟ್ಟರೂ ಕೂರದ ಲೋಪಸಂಧಿ ಇಲ್ಲಿ ಒಂದೇ ಸಾಲಿನಲ್ಲಿ ಕೂರುತ್ತದೆ.

ಎರಡನೇ ಪೀರಿಯಡ್ ಪದಗಳಿಗೆ. ಕೊಡಗಿನ ತರಗತಿಗೆ ಇಲ್ಲೊಂದು ಅನುಕೂಲವಿದೆ, ಅದನ್ನು ನಾವು ಬಹಳ ಕಾಲ ತೊಡಕು ಎಂದೇ ತಿಳಿದಿದ್ದೆವು. ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವ, ಜೇನುಕುರುಬ ಮನೆಮಾತಿನ ಮಕ್ಕಳು. ಈಚೆಗೆ ತೋಟಗಳ ಲೈನ್ ಮನೆಗಳಿಂದ ಬರುವ ಅಸ್ಸಾಮಿನ ಕೆಲಸಗಾರರ ಮಕ್ಕಳೂ ಇದ್ದಾರೆ. ‘ಉಳ್ಳವರು’ ಎಂಬುದು ಪೇಟೆಯ ಕನ್ನಡ ಮಾತಾಡುವ ಮಗುವಿಗೆ ಹಳೆಯ ಪದ. ಮಲಯಾಳದ ಮನೆಯ ಮಗುವಿಗೆ ಅದು ದಿನಬಳಕೆಯದು, ‘ಉಳ್ಳವರ್’ ಎಂದರೆ ಇದ್ದವರು. ಕೊಡವ ತಕ್ಕಿನಲ್ಲಿ ‘ಎನ್ನನೆ ಉಳ್ಳಿರ’ ಎಂದು ಕ್ಷೇಮ ಕೇಳುವಾಗ ಬರುವುದೂ ಅದೇ ‘ಉಳ್’. ಹೀಗಾಗಿ ಪದದ ಅರ್ಥವನ್ನು ಬೋರ್ಡಿನ ಮೇಲೆ ಬರೆಯುವ ಮೊದಲು ‘ನಿಮ್ಮ ಮನೆಯಲ್ಲಿ ಇದಕ್ಕೆ ಹತ್ತಿರದ ಮಾತು ಯಾವುದು?’ ಎಂದು ಕೇಳುತ್ತೇವೆ. ಕನ್ನಡ ಪೀರಿಯಡ್‌ನಲ್ಲಿ ಬಾಯಿ ಬಿಡದ ಮಗು ಅಲ್ಲಿ ಬಾಯಿ ಬಿಡುತ್ತದೆ.

‘ಸ್ಥಾವರ’ ಎಂದರೆ ಮಕ್ಕಳಿಗೆ ಕೈಗಾ ಅಣು ಸ್ಥಾವರ, ಅಂದರೆ ದೊಡ್ಡ ಕಾರ್ಖಾನೆ. ‘ಜಂಗಮ’ ಎಂದರೆ ಅರ್ಜಿ ನಮೂನೆಯಲ್ಲಿ ಮೊಬೈಲ್ ನಂಬರ್ ಕೇಳುವ ‘ಜಂಗಮವಾಣಿ’. ಈ ಎರಡನ್ನೂ ಹಿಡಿದುಕೊಂಡೇ ಮುಂದೆ ಹೋಗಬಹುದು: ನಿಂತಲ್ಲೇ ನಿಂತದ್ದು ಒಂದು, ಚಲಿಸುವುದು ಇನ್ನೊಂದು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ‘ಹಾಗಾದರೆ ಬಸ್ಸಿಗೂ ಅಳಿವಿಲ್ಲವಾ ಸಾರ್?’ ಎಂಬ ಪ್ರಶ್ನೆ ಬರುತ್ತದೆ. ಬರಬೇಕಾದದ್ದೇ. ಶರಣರ ಮಾತಿನಲ್ಲಿ ಜಂಗಮ ಎಂದರೆ ಊರೂರು ನಡೆಯುವ ಶರಣನೂ ಹೌದು, ಶಿವನ ಜೀವಂತ ರೂಪವೂ ಹೌದು. ಈ ಅರ್ಥ ಕೊಡದೆ ಬಿಟ್ಟರೆ ಸಾಲು ಒಗಟಾಗಿಯೇ ಉಳಿಯುತ್ತದೆ. ಕೊಟ್ಟ ಮೇಲೆ ಚುರುಕಾದ ಮಗುವಿನಿಂದ ಇನ್ನೂ ಗಟ್ಟಿಯಾದ ಪ್ರಶ್ನೆ ಬರುತ್ತದೆ: ‘ದೇಹವೇ ದೇಗುಲ ಅಂದರು. ದೇಹವೂ ಸಾಯುತ್ತದಲ್ಲ?’ ಇದಕ್ಕೆ ಅವಸರದ ಉತ್ತರ ಬೇಡ. ನಾವು ಅದನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಅಳಿಸದೆ ಬಿಡುತ್ತೇವೆ. ಸಾಯುವುದು ಒಂದು ದೇಹ, ಒಬ್ಬರಿಂದ ಒಬ್ಬರಿಗೆ ನಡೆದುಬರುವ ಬದುಕು ಸಾಯುವುದಿಲ್ಲ ಎಂಬಲ್ಲಿಗೆ ಮಕ್ಕಳು ತಾವೇ ಬರುವುದುಂಟು, ಬಾರದೆ ಇರುವುದೂ ಉಂಟು.

ಮೂರನೇ ಪೀರಿಯಡ್‌ಗೆ ಒಂದೇ ಪ್ರಶ್ನೆ: ಯಾರು ಯಾರಿಗೆ ಹೇಳುತ್ತಿದ್ದಾರೆ? ನಮ್ಮ ಅನುಭವದಲ್ಲಿ ಪದ್ಯ ಮಕ್ಕಳಿಗೆ ದಕ್ಕುವುದೂ ತಪ್ಪಿಹೋಗುವುದೂ ಇಲ್ಲೇ. ‘ಬಸವಣ್ಣನವರು ಬಡವರಾಗಿದ್ದರು’ ಎಂದು ಬರೆಯುವ ಉತ್ತರಗಳಿಗೆ ಲೆಕ್ಕವಿಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು ಅವರು. ಖಜಾನೆಯ ಬೀಗದ ಕೈ ಇದ್ದವರು ‘ನಾನೇನ ಮಾಡಲಿ ಬಡವನಯ್ಯಾ’ ಎಂದು ಯಾಕೆ ಹೇಳುತ್ತಾರೆ? ಕವಿಪರಿಚಯ ಬರೆಸಿ ಪದ್ಯಕ್ಕೆ ಅಂಟಿಸುವ ರೂಢಿಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಪದ್ಯದೊಳಗಿನ ‘ನಾನು’ ಬೇರೆ, ಬರೆದವರ ಬದುಕು ಬೇರೆ. ಇಲ್ಲಿ ಬರೆದವರು ಬೇಕೆಂದೇ ಇಲ್ಲದವರ ಸಾಲಿನಲ್ಲಿ ಬಂದು ನಿಂತಿದ್ದಾರೆ.

ಎರಡನೆಯದು, ಮಾತು ಯಾರಿಗೆ ಎಂಬುದು. ‘ಬಸವಣ್ಣನವರು ಸಮಾಜಕ್ಕೆ ಸಂದೇಶ ನೀಡಿದ್ದಾರೆ’ ಎನ್ನುತ್ತಾರೆ ಮಕ್ಕಳು. ವಚನದಲ್ಲಿ ಸಮಾಜವನ್ನು ಕರೆದು ಹೇಳಿದ ಮಾತೇ ಇಲ್ಲ. ‘ಕೂಡಲಸಂಗಮದೇವಾ ಕೇಳಯ್ಯಾ’ ಎಂದು ದೇವರ ಹತ್ತಿರ ಆಡಿದ ಮಾತು ಇದು. ಉಳ್ಳವರಿಗೆ ಬೈದಿಲ್ಲ, ಅವರ ಕಡೆ ತಿರುಗಿಯೂ ಇಲ್ಲ. ಪಕ್ಕದಲ್ಲಿ ನಿಂತ ನಮ್ಮ ಕಿವಿಗೆ ಆ ಮಾತು ಬೀಳುತ್ತದೆ, ಅದರ ಬಲ ಇರುವುದೇ ಅಲ್ಲಿ. ಇದು ತಿಳಿದ ಮಗು ‘ಸಂದೇಶ ನೀಡಿದ್ದಾರೆ’ ಎಂದು ಮತ್ತೆ ಬರೆಯುವುದಿಲ್ಲ.

ನಾಲ್ಕನೇ ಪೀರಿಯಡ್‌ನಲ್ಲಿ ಬೋರ್ಡನ್ನು ಮೂರು ಪಾಲು ಮಾಡುತ್ತೇವೆ: ‘ಪದ್ಯ ಆಡಿದ್ದು’, ‘ಪದ್ಯ ಹೊಳೆಯಿಸಿದ್ದು’, ‘ನಾವು ಹೊತ್ತುತಂದದ್ದು’. ಮಕ್ಕಳು ಹೇಳುವ ಪ್ರತಿಯೊಂದು ಮಾತೂ ಈ ಮೂರರಲ್ಲಿ ಎಲ್ಲಿಗೆ ಸೇರಬೇಕೆಂದು ತರಗತಿಯೇ ತೀರ್ಮಾನಿಸಬೇಕು. ‘ಉಳ್ಳವರು ಗುಡಿ ಕಟ್ಟುತ್ತಾರೆ’ ಮೊದಲನೆಯದಕ್ಕೆ. ಕಾಲು, ದೇಹ, ಶಿರ ಎಂದು ಕೆಳಗಿನಿಂದ ಮೇಲಕ್ಕೆ ಹೋಗುವುದು ಗುಡಿ ಕಟ್ಟುವ ಕ್ರಮವೇ ಎಂಬುದು ಎರಡನೆಯದಕ್ಕೆ. ಪದ್ಯ ಅದನ್ನು ಬಾಯಿಬಿಟ್ಟು ಹೇಳಿಲ್ಲ, ಹಾಗೆ ಮಾಡಿ ತೋರಿಸಿದೆ. ಹೊನ್ನು ಕೊಳ್ಳಲಾಗದವನು ಶಿರವನ್ನೇ ‘ಹೊನ್ನ ಕಳಶ’ ಎಂದಿರುವುದೂ ಅಲ್ಲಿಗೇ. ‘ದೇವಸ್ಥಾನ ಕಟ್ಟಬಾರದು ಎಂದು ಬಸವಣ್ಣ ಹೇಳಿದ್ದಾರೆ’ ಎಂಬುದು ಮೂರನೆಯದಕ್ಕೆ, ಏಕೆಂದರೆ ‘ಬಾರದು’ ಎಂಬ ಮಾತು ವಚನದಲ್ಲಿ ಎಲ್ಲೂ ಇಲ್ಲ. ಮೂರನೇ ಪಾಲಿನಲ್ಲಿ ಇರುವುದೆಲ್ಲ ತಪ್ಪಲ್ಲ, ಅದನ್ನು ಪರೀಕ್ಷೆಯಲ್ಲಿ ಪದ್ಯದ ಬಾಯಿಗೆ ಹಾಕಬಾರದು ಅಷ್ಟೆ.

ಇಲ್ಲಿ ಕೊಡಗಿನ ಶಿಕ್ಷಕರಿಗೆ ಒಂದು ಎಚ್ಚರಿಕೆ. ‘ಸ್ಥಾವರಕ್ಕಳಿವುಂಟು’ ಎಂದ ಕೂಡಲೆ 2018ರ ಆಗಸ್ಟ್ ನೆನಪಾಗುತ್ತದೆ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆಯ ಕಡೆ ಬೆಟ್ಟ ಜರಿದು ಮನೆಗಳು ಮಣ್ಣುಪಾಲಾದದ್ದನ್ನು ಉದಾಹರಣೆ ಕೊಡಬೇಕೆನಿಸುತ್ತದೆ. ಕೊಡಬಾರದು. ಆ ಮನೆಗಳ ಮಕ್ಕಳು ಇದೇ ಬೆಂಚಿನಲ್ಲಿ ಕೂತಿರುತ್ತಾರೆ ಎಂಬುದು ಮೊದಲ ಕಾರಣ. ಇನ್ನೊಂದು, ಅರ್ಥವೇ ಅಡಿಮೇಲಾಗುತ್ತದೆ. ವಚನದ ಸ್ಥಾವರ ಉಳ್ಳವರು ಹಣ ಸುರಿದು ಕಟ್ಟಿಸಿದ್ದು. ಜರಿದುಹೋದ ಮನೆ ಬಡವ ಬೆವರು ಸುರಿಸಿ ಕಟ್ಟಿಕೊಂಡದ್ದು. ಎರಡಕ್ಕೂ ಒಂದೇ ಸಾಲು ಹಚ್ಚಿದರೆ ಮನೆ ಕಳೆದುಕೊಂಡವರ ದುಃಖವೇ ಸಣ್ಣದಾಗಿಬಿಡುತ್ತದೆ. ಮಗುವೇ ಆ ಮಾತು ಎತ್ತಿದರೆ ಪಾಠ ನಿಲ್ಲಿಸಿ ಪೂರ್ತಿ ಕೇಳಬೇಕು. ಹಾಗೆಯೇ ‘ನಿಮ್ಮಲ್ಲಿ ಉಳ್ಳವರು ಯಾರು, ಬಡವರು ಯಾರು’ ಎಂದು ತೋಟದ ಮನೆ, ಲೈನ್ ಮನೆಯ ಮಕ್ಕಳನ್ನು ಎದುರುಬದುರು ನಿಲ್ಲಿಸುವ ಪ್ರಶ್ನೆಯೂ ಬೇಡ. ಪ್ರಶ್ನೆ ಪದ್ಯದ ಮೇಲಿರಲಿ, ಮಗುವಿನ ಮೇಲಲ್ಲ.

ಸರ್ವಜ್ಞನ ತ್ರಿಪದಿಗೆ ಇಷ್ಟು ಹೊತ್ತು ಬೇಡ, ಆದರೆ ಒಂದು ಗುಂಡಿ ಇದೆ, ಎಲ್ಲರೂ ಅದರಲ್ಲೇ ಬೀಳುತ್ತಾರೆ.

ಜಾತಿಹೀನರ ಮನೆಯ ಜ್ಯೋತಿ ತಾ ಹೀನವೇ
ಜಾತಿ ವಿಜಾತಿ ಎನಬೇಡ ದೇವನೊಲಿ
ದಾತನೇ ಜಾತ ಸರ್ವಜ್ಞ

ಮೂರನೇ ಸಾಲಿನ ‘ದಾತನೇ’ ಎಂಬುದನ್ನು ಮಕ್ಕಳು ದಾನ ಕೊಡುವ ದಾತ ಎಂದು ಓದಿ ‘ದಾನ ಮಾಡುವವನೇ ಶ್ರೇಷ್ಠ’ ಎಂದು ಬರೆಯುತ್ತಾರೆ. ಛಂದಸ್ಸಿಗಾಗಿ ಪದ ಎರಡು ಸಾಲಿಗೆ ಹರಿದಿದೆ. ಅದು ‘ದೇವನು ಒಲಿದಾತನೇ’, ದೇವರು ಯಾರಿಗೆ ಒಲಿದನೋ ಅವನೇ. ಸಾಲು ಮುಗಿದಲ್ಲಿ ಪದ ಮುಗಿಯಬೇಕೆಂದಿಲ್ಲ ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪದ್ಯ ನಮಗೆ ಸಿಕ್ಕಿಲ್ಲ. ಇನ್ನೊಂದು ಸೂಕ್ಷ್ಮ: ‘ಜಾತಿಹೀನ’ ಎಂಬುದು ಸರ್ವಜ್ಞನ ಮಾತಲ್ಲ, ಎದುರಿಗೆ ನಿಂತವನ ಮಾತು. ಆ ಮಾತನ್ನೇ ಎತ್ತಿಕೊಂಡು ‘ಹೀನವೇ?’ ಎಂದು ಅವನನ್ನೇ ಕೇಳುತ್ತಾನೆ. ದೀಪ ಎದುರಿಗಿರುವಾಗ ಹೌದು ಎನ್ನಲು ಬಾಯಿ ಬಾರದು. ಕೊನೆಗೆ ‘ಜಾತಿ’ಯ ಜಾಗಕ್ಕೆ ‘ಜಾತ’ ಬರುತ್ತದೆ, ಕುಲವಂತ ಎಂದರೆ ಅವನೇ ಎಂದು. ಒಂದು ಇಕಾರ ಹೋಗುವಷ್ಟರಲ್ಲಿ ವಾದ ಮುಗಿದಿರುತ್ತದೆ.

‘ರಾಮಧಾನ್ಯ ಚರಿತೆ’ಯ ಕೆಲಸ ಮಾತ್ರ ಜೂನ್‌ನಲ್ಲೇ ಶುರುವಾಗಬೇಕು. ಕಥೆ ಗೊತ್ತಿರುವುದೇ: ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಮಾತು ಬಂದಾಗ ಗೌತಮ ಮುನಿ ನರೆದಲೆಗ ಎನ್ನುತ್ತಾನೆ, ಅಂದರೆ ರಾಗಿ. ವ್ರೀಹಿ, ಅಂದರೆ ಭತ್ತ, ಸಿಡಿದೇಳುತ್ತದೆ. ಜಗಳ ರಾಮನ ಮುಂದೆ ಬರುತ್ತದೆ, ಇಬ್ಬರಿಗೂ ಆರು ತಿಂಗಳು ಸೆರೆ. ಸೆರೆ ಮುಗಿದಾಗ ವ್ರೀಹಿ ಕಂದಿರುತ್ತದೆ, ನರೆದಲೆಗ ಗಟ್ಟಿಯಾಗಿರುತ್ತದೆ, ರಾಘವನ ಹೆಸರು ಪಡೆಯುತ್ತದೆ.

ಇದನ್ನು ಅಕ್ಕಿಯ ನಾಡಿನಲ್ಲಿ ಕಲಿಸಬೇಕು! ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಪುಟ್ಟು ತಿಂದು ಬೆಳೆದವರು ನಮ್ಮ ಮಕ್ಕಳು. ಮದುವೆಯಲ್ಲಿ ಮಂಡಿ, ಹೆಗಲು, ತಲೆಗೆ ಅಕ್ಕಿ ಹಾಕಿ ಹರಸುವ ಮನೆಗಳು. ‘ಬಡವರ ಕಡೆ ಕಣ್ಣೆತ್ತಿ ನೋಡದೆ ಹಣವಂತರ ಬೆನ್ನು ಹತ್ತುತ್ತೀಯೆ, ಹೆಣದ ಬಾಯಿಗೆ ತುತ್ತಾಗುತ್ತೀಯೆ’ ಎಂಬರ್ಥದಲ್ಲಿ ನರೆದಲೆಗ ಜರೆಯುವಾಗ ತರಗತಿಗೆ ನೋವಾಗುತ್ತದೆ. ಆಗಲಿ. ಬೇರೆ ಊರಿನ ಮಕ್ಕಳು ಸುಲಭಕ್ಕೆ ರಾಗಿಯ ಪಕ್ಷ ಸೇರಿಬಿಡುತ್ತಾರೆ. ನಮ್ಮವರು ಅದಕ್ಕೆ ಕಾರಣ ಹುಡುಕಬೇಕಾಗುತ್ತದೆ, ಹೀಗಾಗಿ ಓದು ಆಳಕ್ಕೆ ಹೋಗುತ್ತದೆ. ರಾಗಿಯ ತೆನೆ ನೋಡಿರದ ಮಕ್ಕಳೇ ಹೆಚ್ಚು. ಪಿರಿಯಾಪಟ್ಟಣದ ಕಡೆಯಿಂದ ನಾಲ್ಕು ತೆನೆ ತರಿಸಿಡಿ. ಬೆರಳು ಮಡಚಿದ ಮುಷ್ಟಿಯಂತಿರುವ ತೆನೆಯನ್ನು ಕೈಯಲ್ಲಿ ಹಿಡಿದ ಮೇಲೆ ನರೆ, ತಲೆ ಸೇರಿ ‘ನರೆದಲೆ’ಯಾದ ಆದೇಶಸಂಧಿ ಮರೆಯುವುದಿಲ್ಲ.

ಪದ್ಯ ಭಾಮಿನಿ ಷಟ್ಪದಿ. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರಕ್ಕೆ 23. ಇಲ್ಲೂ ಪದಗಳು ಸಾಲು ದಾಟಿ ಒಡೆಯುತ್ತವೆ, ಆದ್ದರಿಂದ ಮೊದಲು ಅನ್ವಯ ಮಾಡಿಸಿ ಗದ್ಯದ ಕ್ರಮಕ್ಕೆ ತರಬೇಕು. ಅನ್ವಯ ಮಾಡುವಾಗಲೇ ಪ್ರತಿ ಮಾತಿನ ಎದುರು ‘ವ್ರೀ’ ಅಥವಾ ‘ನ’ ಎಂದು ಅಂಚಿನಲ್ಲಿ ಗುರುತು ಹಾಕಿಸಿ. ಇದನ್ನು ಬಿಟ್ಟರೆ ದೊಡ್ಡ ಅನಾಹುತವಾಗುತ್ತದೆ: ನರೆದಲೆಗನನ್ನು ಹೀನ ಕುಲದವರ ಆಹಾರವೆಂದು ವ್ರೀಹಿ ಹೀಯಾಳಿಸಿದ ಮಾತನ್ನೇ ಎತ್ತಿ ‘ಕನಕದಾಸರು ಹೀಗೆ ಹೇಳಿದ್ದಾರೆ’ ಎಂದು ಬರೆಯುತ್ತಾರೆ. ಯಾವ ಅಹಂಕಾರವನ್ನು ಕವಿ ಸೆರೆಗೆ ಕಳಿಸಿದರೋ ಅದನ್ನೇ ಕವಿಯ ತಲೆಗೆ ಕಟ್ಟಿದಂತೆ.

ಆ ಆರು ತಿಂಗಳ ಸೆರೆಯನ್ನು ತರಗತಿಯಲ್ಲೇ ನೋಡಲು ಜೂನ್ ಮೊದಲ ವಾರದಲ್ಲಿ ಮೂರು ಕೋರಾ ಬಟ್ಟೆಯ ಚೀಲ ಹೊಲಿಸುತ್ತೇವೆ. ಒಂದರಲ್ಲಿ 250 ಗ್ರಾಂ ರಾಗಿ, ಒಂದರಲ್ಲಿ ಅಷ್ಟೇ ಅಕ್ಕಿ, ಒಂದರಲ್ಲಿ ಅಷ್ಟೇ ಭತ್ತ. ಮೂರನ್ನೂ ಮೇ ತಿಂಗಳ ಬಿಸಿಲಿನಲ್ಲಿ ಎರಡು ದಿನ ಒಣಗಿಸಿರಬೇಕು. ಹಸಿ ಉಳಿದರೆ ನಮ್ಮ ಮಳೆಗೆ ರಾಗಿಯೂ ಬೂಸ್ಟು ಹಿಡಿದು ಕವಿಗೇ ಸೋಲಾಗುತ್ತದೆ. ಹುರಿಯಲ್ಲಿ ಕಟ್ಟಿದರೆ ಇಲಿ ಇಳಿಯುತ್ತದೆ, ಕಬ್ಬಿಣದ ತಂತಿಯಲ್ಲಿ ತೊಲೆಗೆ ನೇತುಹಾಕಿ. ಚೀಲದ ಮೇಲೆ ದಿನಾಂಕ. ಭತ್ತದ ಚೀಲ ಮಕ್ಕಳು ಕೇಳಿ ಹಾಕಿಸಿದ್ದು: ‘ಪತ್ತಾಯದಲ್ಲಿ ಭತ್ತ ವರ್ಷಗಟ್ಟಲೆ ಇರುತ್ತಲ್ಲ, ಅದು ಕೆಟ್ಟಿತು ಅಂದರೆ ಹೇಗೆ?’ ನ್ಯಾಯವಾದ ಆಕ್ಷೇಪ, ಮುಚ್ಚಿಹಾಕಬಾರದು.

ಸೆಪ್ಟೆಂಬರಿನಲ್ಲಿ ಪದ್ಯ ಓದುವಾಗ ಸೆರೆಯ ಹತ್ತಿರಕ್ಕೆ ನಿಲ್ಲಿಸಿ, ಐದನೇ ಪೀರಿಯಡ್‌ನಲ್ಲಿ ಉತ್ತರ ಬರೆಯುವುದಕ್ಕೆ ಕೂರುತ್ತೇವೆ. ಸಾರಾಂಶ ಎಂಟರಿಂದ ಹತ್ತು ವಾಕ್ಯ. ಯಾರು ಯಾರಿಗೆ ಹೇಳಿದ್ದು ಎಂಬುದು ಮೊದಲ ವಾಕ್ಯದಲ್ಲೇ ಬರಬೇಕು. ಪದ್ಯದ ಎರಡು ಪದವಾದರೂ ಉದ್ಧರಣ ಚಿಹ್ನೆಯೊಳಗೆ ಇರಬೇಕು. ‘ಸಮಾನತೆ’ ಎಂಬ ಪದ ಕೊನೆಯ ವಾಕ್ಯಕ್ಕೆ. ಬಿಟ್ಟೇಬಿಡಬಾರದು, ಏಕೆಂದರೆ ಮೌಲ್ಯಮಾಪಕರ ಕೈಯಲ್ಲಿರುವ ಮಾದರಿ ಉತ್ತರದಲ್ಲಿ ಅದಿರುತ್ತದೆ, ಮಗುವಿನ ಅಂಕ ಹೋಗಬಾರದು. ಸಂದರ್ಭಸಹಿತ ವಿವರಣೆಯಲ್ಲಿ ಆಯ್ಕೆ, ಸಂದರ್ಭ ಎಲ್ಲರೂ ಬರೆಯುತ್ತಾರೆ. ಸ್ವಾರಸ್ಯಕ್ಕೆ ಬಂದಾಗ ‘ಈ ಮಾತು ತುಂಬಾ ಸ್ವಾರಸ್ಯಪೂರ್ಣವಾಗಿದೆ’ ಎಂದು ಬರೆದು ಸಂದರ್ಭವನ್ನೇ ಮತ್ತೊಮ್ಮೆ ಹೇಳುತ್ತಾರೆ. ಬೋರ್ಡಿನ ಎರಡನೇ ಪಾಲು, ‘ಹೊಳೆಯಿಸಿದ್ದು’, ಅಲ್ಲಿದ್ದುದೇ ಸ್ವಾರಸ್ಯ ಎಂದು ತೋರಿಸಿಕೊಟ್ಟ ಮೇಲೆ ಈ ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಯಿತು.

ಬರೆದಾದ ಮೇಲೆ ಪರೀಕ್ಷೆ ಹೀಗೆ: ಶೀರ್ಷಿಕೆ, ಕವಿಯ ಹೆಸರು ಮುಚ್ಚಿ ಉತ್ತರವನ್ನು ಪಕ್ಕದ ಬೆಂಚಿಗೆ ಕೊಡಬೇಕು. ಮೂರು ಪದ್ಯಗಳಲ್ಲಿ ಇದು ಯಾವುದರದ್ದೆಂದು ಅವರು ಗುರುತಿಸಬೇಕು. ಗುರುತಿಸಲಾಗದಿದ್ದರೆ ಉತ್ತರ ವಾಪಸ್. ನಾವು ತಿದ್ದುವುದಕ್ಕಿಂತ ಇದು ಬೇಗ ನಾಟುತ್ತದೆ.

ಒಂದು ಮಾತು ಸೇರಿಸಬೇಕು. ಈ ಐದು ಪೀರಿಯಡ್‌ಗಳ ದಾರಿ ಎಲ್ಲ ಪದ್ಯಕ್ಕೂ ಅಲ್ಲ. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರ ‘ಹುತ್ತರಿ ಹಾಡು’ ಕೊಟ್ಟರೂ ಅದರಲ್ಲಿ ಸಾಮಾಜಿಕ ಸಂದೇಶ ಹುಡುಕುವ ಮಕ್ಕಳಿದ್ದಾರೆ. ನಾಡನ್ನು ಕಂಡು ಮೈಮರೆತು ಹಾಡಿದ ಹಾಡನ್ನು ಹಾಡಿಸಿ, ಸಾಕು.

ಚೀಲ ಬಿಚ್ಚುವುದು ಡಿಸೆಂಬರ್ ಮೊದಲ ವಾರ, ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಆಸುಪಾಸು, ‘ಪೊಲಿ ಪೊಲಿಯೇ ದೇವಾ’ ಎಂದು ಹೊಸ ಕದಿರು ಮನೆಗೆ ಬರುವ ಹೊತ್ತು. ಅಕ್ಕಿಯ ಚೀಲದಲ್ಲಿ ಹುಳು, ತಳದಲ್ಲಿ ಹಿಟ್ಟು, ಮುಗ್ಗಲು ವಾಸನೆ. ಭತ್ತದಲ್ಲಿ ಅಲ್ಲೊಂದು ಇಲ್ಲೊಂದು ಕಾಳಿಗೆ ತೂತು, ಉಳಿದದ್ದು ಗಟ್ಟಿ. ರಾಗಿ ಅಂಗೈಯಲ್ಲಿ ಉಜ್ಜಿದರೆ ಹಾಗೇ ಜಾರುತ್ತದೆ. ಮೂರರಿಂದಲೂ ನೂರು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತೇವೆ. ನಾಲ್ಕನೇ ದಿನಕ್ಕೆ ರಾಗಿ ಮೊಳೆತಿರುತ್ತದೆ, ಭತ್ತವೂ ಮೊಳೆತಿರುತ್ತದೆ, ಅಕ್ಕಿ ಮೊಳೆಯುವುದಿಲ್ಲ. ಭತ್ತಕ್ಕೆ ಸಿಪ್ಪೆಯೇ ರಕ್ಷೆ, ಮಕ್ಕಳ ಆಕ್ಷೇಪ ಸರಿಯೆಂದಾಯಿತು. ಅದನ್ನು ಒಪ್ಪಿಕೊಂಡೇ ಪದ್ಯಕ್ಕೆ ಮರಳುತ್ತೇವೆ: ರಾಮ ಯಾರ ಹುಟ್ಟನ್ನೂ ಕೇಳಲಿಲ್ಲ, ಇಬ್ಬರನ್ನೂ ಒಂದೇ ಸೆರೆಗೆ, ಒಂದೇ ಅವಧಿಗೆ ಕಳಿಸಿದ. ಆಗ ತರಗತಿಗೆ ಕೊನೆಯ ಪ್ರಶ್ನೆ: ನರೆದಲೆಗ ದೊಡ್ಡದಾದದ್ದು ತಾಳಿಕೊಂಡದ್ದರಿಂದಲೋ, ರಾಮ ಹೆಸರು ಕೊಟ್ಟದ್ದರಿಂದಲೋ? ಸೆರೆಗೆ ಹೋಗುವ ಮೊದಲೇ ಗೌತಮ ಮೆಚ್ಚಿದ್ದನಲ್ಲ ಎಂದು ಒಂದು ಪಕ್ಷ. ದೊರೆಯ ಮುದ್ರೆ ಬೀಳುವವರೆಗೆ ಬಡವರ ಧಾನ್ಯವನ್ನು ಯಾರು ಲೆಕ್ಕಕ್ಕಿಟ್ಟಿದ್ದರು ಎಂದು ಇನ್ನೊಂದು. ಗಂಟೆ ಹೊಡೆದರೂ ಮುಗಿಯುವುದಿಲ್ಲ. ಜೊತೆಗೆ ಪದ್ಯದ ಸಾಲು ಎತ್ತಿ ಬರೆದಿದ್ದರೆ ಎರಡೂ ಉತ್ತರಕ್ಕೆ ಪೂರ್ತಿ ಅಂಕ ಕೊಡುತ್ತೇವೆ.